ಜಗುಲಿಗೆ ಬಂದ ವೈಫೈ ಹಿತ್ತಿಲಿಗೆ ಬಾರದೇ?

ಮನೆಗೆ ಫೈಬರ್ ಎಳೆಯಲು ಬರುವ ಹುಡುಗರು ಸದಾ ಅವಸರದಲ್ಲಿರುತ್ತಾರೆ. ಬೀದಿಯ ಕಂಬದಿಂದ ಕರಿ ತಂತಿ ಎಳೆದು, ಹೆಬ್ಬಾಗಿಲ ಪಕ್ಕದ ಕಿಟಕಿಯ ಮೂಲೆಯಲ್ಲೊಂದು ತೂತು ಕೊರೆದು, ಟಿವಿಯ ಹಿಂದೆಯೋ ಚಪ್ಪಲಿ ಸ್ಟ್ಯಾಂಡಿನ ಮೇಲೋ ರೌಟರ್ ಎಂಬ ಡಬ್ಬಿಯನ್ನಿಟ್ಟು, ಹಸಿರು ದೀಪ ಹೊತ್ತಿದ್ದನ್ನು ತೋರಿಸಿ ಹೊರಟುಬಿಡುತ್ತಾರೆ. ಜಗುಲಿಯಲ್ಲಿ ಕೂತು ನೋಡಿದರೆ ಎಲ್ಲವೂ ಸುಸೂತ್ರ. ನಡುಮನೆ ದಾಟಿ ಅಡುಗೆಮನೆಗೆ ಬಂದರೆ ಮೊಬೈಲಿನ ತಲೆಯ ಮೇಲಿನ ಕಮಾನುಗಳು ಒಂದೊಂದಾಗಿ ಕಳಚುತ್ತವೆ. ಬಚ್ಚಲುಮನೆ ದಾಟಿ ಹಿತ್ತಿಲಿಗೆ ಕಾಲಿಟ್ಟರೆ ಒಂದೇ ಕಮಾನು. ಬಾವಿಕಟ್ಟೆಯ ಹತ್ತಿರ ಅದೂ ಮಾಯ.

ಹಿತ್ತಿಲಿಗೇಕೆ ವೈಫೈ ಎಂದು ಕೇಳುವವರಿಗೆ ನಮ್ಮ ಮನೆಗಳ ಪರಿಚಯ ಸಾಲದು. ಅಜ್ಜಿ ಹಪ್ಪಳ ಒಣಹಾಕುತ್ತ ದೂರದೇಶದ ಮೊಮ್ಮಗುವಿನ ಮುಖ ನೋಡುವುದು ಅಲ್ಲಿ. ಪರೀಕ್ಷೆಗೆ ಓದುವ ಹುಡುಗಿ ಟಿವಿಯ ಗದ್ದಲದಿಂದ ತಪ್ಪಿಸಿಕೊಂಡು ಮಾವಿನ ಮರದಡಿ ಕೂರುವುದು ಅಲ್ಲಿ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರು ಬಿಟ್ಟು ಊರಿಗೆ ಬಂದ ಎಷ್ಟೋ ಮಂದಿಗೆ ಕೊಟ್ಟಿಗೆಯ ಅಟ್ಟವೇ ಆಫೀಸಾಯಿತು. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ರಸ್ತೆಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡಿಗೆ ನಾಡೇ ನೋಡಿತು. ಅಂಥ ಕಡೆಗಳಿಗೂ ಈಗ ಒಂದೊಂದಾಗಿ ಫೈಬರ್ ತಲುಪುತ್ತಿದೆ. ಮನೆಬಾಗಿಲಿಗೆ ಬಂದದ್ದು ಮನೆಯೊಳಗೆ ಹತ್ತು ಮಾರು ಸಾಗದೆ ನಿಂತರೆ ಏನು ಬಂತು?

ದೂರು ಕೊಡಲು ಕಂಪನಿಗೆ ಫೋನಾಯಿಸಿದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: ‘ಇನ್ನೂ ದೊಡ್ಡ ಪ್ಲಾನ್ ಹಾಕಿಸಿಕೊಳ್ಳಿ ಸಾರ್.’ ಇದು ತೋಟದ ಕೊನೆಯ ಸಾಲಿಗೆ ನೀರು ಹರಿಯುತ್ತಿಲ್ಲವೆಂದರೆ ಕೆರೆ ದೊಡ್ಡದು ಮಾಡಿ ಎಂದಂತೆ. ಕಾಲುವೆ ಒಡೆದಿದ್ದರೆ ಕೆರೆ ಎಷ್ಟು ದೊಡ್ಡದಿದ್ದೇನು? ತಿಂಗಳಿಗೆ 300 ರೂಪಾಯಿ ಹೆಚ್ಚಿನ ಪ್ಲಾನ್ ಹಾಕಿಸಿದರೆ ಶೇಕಡಾ 18ರ ತೆರಿಗೆ ಸೇರಿ ವರ್ಷಕ್ಕೆ 4,248 ರೂಪಾಯಿ ಆಯಿತು. ಹಿತ್ತಿಲು ಮಾತ್ರ ಇದ್ದಲ್ಲೇ ಇರುತ್ತದೆ. ಅದರ ಅರ್ಧದಷ್ಟು ಖರ್ಚಿನಲ್ಲಿ, ಕೆಲವೊಮ್ಮೆ ಬಿಡಿಕಾಸೂ ಇಲ್ಲದೆ, ಕಾಲುವೆಯನ್ನೇ ದುರಸ್ತಿ ಮಾಡುವ ಬಗೆ ಹೇಗೆಂದು ನೋಡೋಣ.

ಮೊದಲು ಅಳತೆ, ಆಮೇಲೆ ಔಷಧ

ವೈದ್ಯರು ನಾಡಿ ಹಿಡಿಯದೆ ಮದ್ದು ಕೊಡುವುದಿಲ್ಲ. ವೇಗ ಅಳೆಯುವ ಉಚಿತ ಆ್ಯಪ್‌ಗಳು ಬೇಕಷ್ಟಿವೆ. ಒಂದನ್ನು ಫೋನಿಗೆ ಹಾಕಿಕೊಂಡು ಎರಡು ಕಡೆ ಅಳೆಯಿರಿ. ಒಂದು, ಡಬ್ಬಿಯಿಂದ ಒಂದೆರಡು ಮೀಟರ್ ದೂರದಲ್ಲಿ. ಇನ್ನೊಂದು, ನಿಮಗೆ ಕಷ್ಟವಾಗುವ ಜಾಗದಲ್ಲಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಅಳೆದು ಚೀಟಿಯಲ್ಲಿ ಬರೆದಿಡಿ. ಡಬ್ಬಿಯ ಮುಂದೆ ನಿಂತಾಗಲೂ ವೇಗ ಕಡಿಮೆಯಿದ್ದರೆ ತಪ್ಪು ಕಂಪನಿಯದೋ ಡಬ್ಬಿಯದೋ ಫೋನಿನದೋ ಇರಬಹುದು. ಅಲ್ಲಿ ಚೆನ್ನಾಗಿದ್ದು ಹಿತ್ತಿಲಲ್ಲಿ ಮಾತ್ರ ಸೊರಗಿದರೆ ಕಂಪನಿಯವರನ್ನು ಬೈದು ಫಲವಿಲ್ಲ. ಬೈಯಬೇಕಾದ್ದು ಗೋಡೆಯನ್ನು.

ಇಲ್ಲೊಂದು ಲೆಕ್ಕ ತಿಳಿದಿರಲಿ. ಕಂಪನಿಗಳು ಹೇಳುವುದು ಮೆಗಾಬಿಟ್ ಲೆಕ್ಕ. ಫೈಲು ಇಳಿಸಿಕೊಳ್ಳುವಾಗ ಪರದೆಯ ಮೇಲೆ ಸಾಮಾನ್ಯವಾಗಿ ಕಾಣುವುದು ಮೆಗಾಬೈಟ್ ಲೆಕ್ಕ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 40ರ ಪ್ಲಾನಿನಲ್ಲಿ ಫೈಲು ಸೆಕೆಂಡಿಗೆ 5 ಮೆಗಾಬೈಟ್‌ನಂತೆ ಇಳಿದರೆ ಮೋಸವೇನೂ ಆಗಿಲ್ಲ. ಒಳ್ಳೆಯ ಸ್ಪಷ್ಟತೆಯ ಸಿನಿಮಾ ನೋಡಲು ಸುಮಾರು 5 ಮೆಗಾಬಿಟ್ ಸಾಕು. ಮುಖ ನೋಡಿ ಮಾತಾಡಲು ಇನ್ನೂ ಕಡಿಮೆ. ನಾಲ್ಕು ಜನರ ಮನೆಗೆ 40 ಮೆಗಾಬಿಟ್ ಎಂಬುದು ಬಡತನವೇನಲ್ಲ, ಅದು ಪ್ರತಿ ಕೋಣೆಗೂ ತಲುಪಿದರೆ.

ಫೋನಿನ ಮಿತಿಯೂ ಇದೆ. 2.4 ಗಿಗಾಹರ್ಟ್ಸ್ ಒಂದನ್ನೇ ಬಲ್ಲ, ಒಂದೇ ಆಂಟೆನಾದ ಹಳೆಯ ಅಗ್ಗದ ಫೋನು ಡಬ್ಬಿಯೊಡನೆ ಸಾಮಾನ್ಯವಾಗಿ 72 ಮೆಗಾಬಿಟ್‌ಗಿಂತ ಹೆಚ್ಚಿನ ನಂಟು ಬೆಳೆಸಲಾರದು. ಕೈಗೆ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಹಾಗೆಯೇ, ತಂತಿ ಚುಚ್ಚುವ ಕಿಂಡಿ 100 ಮೆಗಾಬಿಟ್‌ನದಾಗಿದ್ದರೆ ಆ ಕಿಂಡಿಯಿಂದ 300ರ ಪ್ಲಾನೂ ನೂರರೊಳಗೇ ಹರಿದೀತು. ಲೋಟ ಚಿಕ್ಕದಿದ್ದರೆ ಹಂಡೆ ತುಂಬಿದ್ದೂ ವ್ಯರ್ಥ.

ಗೋಡೆ, ನೀರು, ಕಬ್ಬಿಣ

ವೈಫೈ ಎಂದರೆ ರೇಡಿಯೊ ತರಂಗವೇ. ಎರಡು ಬಗೆಯವು ನಮ್ಮ ಮನೆಗಳಲ್ಲಿ ಬಳಕೆಯಲ್ಲಿವೆ. 2.4 ಗಿಗಾಹರ್ಟ್ಸ್‌ನದು ಸೆಕೆಂಡಿಗೆ 240 ಕೋಟಿ ಸಲ ಕಂಪಿಸುತ್ತದೆ, ಅದರ ಒಂದು ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. 5 ಗಿಗಾಹರ್ಟ್ಸ್‌ನದರ ಅಲೆ ಐದಾರು ಸೆಂಟಿಮೀಟರ್. ಮೊದಲನೆಯದು ಎತ್ತಿನಗಾಡಿ: ನಿಧಾನ, ಆದರೆ ಗೋಡೆಗಳನ್ನು ತಕ್ಕಮಟ್ಟಿಗೆ ದಾಟುತ್ತದೆ. ಎರಡನೆಯದು ಕುದುರೆ: ಬಯಲಿನಲ್ಲಿ ಓಟ ಜೋರು, ಗೋಡೆ ಕಂಡರೆ ಮುಗ್ಗರಿಸುತ್ತದೆ. ಇವನ್ನು ಲೈಸೆನ್ಸ್ ಇಲ್ಲದೆ ಬಳಸಲು ನಮ್ಮ ಸರ್ಕಾರ 2.4ಕ್ಕೆ 2005ರ ಜನವರಿಯಲ್ಲಿ ಅನುಮತಿ ಕೊಟ್ಟಿತು; 5ರ ಬಹುಭಾಗವನ್ನು ಹೊರಾಂಗಣಕ್ಕೂ ಸೇರಿಸಿ 2018ರ ಅಕ್ಟೋಬರಿನಲ್ಲಿ ಮುಕ್ತಗೊಳಿಸಿತು. ಹಿತ್ತಿಲಲ್ಲಿ ಕುದುರೆ ಓಡಿಸಲು ಕಾನೂನಿನ ತಕರಾರಿಲ್ಲ.

ತಕರಾರು ಇರುವುದು ಭೌತವಿಜ್ಞಾನದ್ದು. ಡಬ್ಬಿಯಿಂದ ದೂರ ಎರಡು ಪಟ್ಟಾದರೆ ತರಂಗದ ಶಕ್ತಿ ಬಯಲಿನಲ್ಲೇ ಕಾಲುಭಾಗಕ್ಕೆ ಇಳಿಯುತ್ತದೆ. ಅದರ ಮೇಲೆ ಗೋಡೆಯ ಸುಂಕ. ಸಾಧಾರಣ ಇಟ್ಟಿಗೆ ಗೋಡೆಯೊಂದು ಅರ್ಧದಷ್ಟನ್ನೋ ಅದಕ್ಕಿಂತ ಹೆಚ್ಚನ್ನೋ ನುಂಗುತ್ತದೆ. ಕಬ್ಬಿಣದ ಸರಳು ಹೆಣೆದ ತಾರಸಿ ಬಹುಪಾಲನ್ನು ನುಂಗುತ್ತದೆ. ಹಳೆಯ ಮನೆಗಳ ಮೊಳದಗಲದ ಮಣ್ಣಿನ ಗೋಡೆ, ಮಲೆನಾಡು-ಕರಾವಳಿಯ ಜಂಬಿಟ್ಟಿಗೆ ಗೋಡೆ ಮಳೆಗಾಲದಲ್ಲಿ ತೇವ ಹೀರಿದಾಗ ಇನ್ನೂ ಕಠಿಣ. ನೀರಿಗೂ ಈ ತರಂಗಗಳಿಗೂ ಆಗಿಬರುವುದಿಲ್ಲ. ಮೈಕ್ರೊವೇವ್ ಒಲೆ ಅನ್ನ ಬಿಸಿಮಾಡುವುದು ಇದೇ 2.4ರ ಆಸುಪಾಸಿನ ತರಂಗದಿಂದ, ಅದೂ ಬಹುಪಾಲು ಆಹಾರದ ನೀರಿಗೆ ಶಾಖ ಮುಟ್ಟಿಸಿ. ಹಾಗಿದ್ದ ಮೇಲೆ ನೀರು ತುಂಬಿದ ಬಾಳೆಗಿಡಗಳ ಸಾಲು, ತೋಯ್ದ ಸೊಪ್ಪು, ತಲೆಯ ಮೇಲಿನ ನೀರಿನ ಟ್ಯಾಂಕು ಎಲ್ಲವೂ ಅಡ್ಡಗೋಡೆಗಳೇ. ಬೇಸಿಗೆಯಲ್ಲಿ ಸಿಗುತ್ತಿದ್ದ ಸಂಕೇತ ಶ್ರಾವಣದಲ್ಲಿ ಸಿಗದಿದ್ದರೆ ದೆವ್ವದ ಕಾಟವೆಂದು ತಿಳಿಯಬೇಕಿಲ್ಲ.

ಲೋಹವಂತೂ ತರಂಗವನ್ನು ಹಿಂದಕ್ಕಟ್ಟುತ್ತದೆ. ಉಕ್ಕಿನ ಬೀರು, ಫ್ರಿಜ್ಜು, ರೋಲಿಂಗ್ ಷಟರ್, ಜಿಂಕ್ ಶೀಟು, ಹಿಂದೆ ಲೋಹದ ಲೇಪವಿರುವ ನಿಲುವುಗನ್ನಡಿ ಎಲ್ಲವೂ ಈ ಪಂಗಡದವು. ಬಹಳ ಜನ ಗಮನಿಸದ ಒಂದು ಸಂಗತಿ ಸೊಳ್ಳೆಪರದೆ. ಕಿಟಕಿಗೆ ಹೊಡೆದ ಪರದೆ ಅಲ್ಯೂಮಿನಿಯಂ ಅಥವಾ ಸ್ಟೀಲಿನದಾಗಿದ್ದರೆ ಅದರ ಪುಟ್ಟ ಕಣ್ಣುಗಳಲ್ಲಿ ಗಾಳಿ ನುಸುಳುತ್ತದೆ, 12 ಸೆಂಟಿಮೀಟರಿನ ಅಲೆ ನುಸುಳದು. ನೈಲಾನ್ ಪರದೆಯಾದರೆ ತೊಂದರೆಯಿಲ್ಲ.

ಹೀಗೆ ಗೋಡೆ, ತಾರಸಿ, ಬೀರುಗಳಿಗೆ ಬಡಿದು ಬಂದ ಮಾರ್ದನಿಗಳು ಒಂದರೊಳಗೊಂದು ಕಲೆಸಿ ಗೊಂದಲವಾಗುವುದು ವೈಫೈಗೆ ಹುಟ್ಟಿನಿಂದ ಅಂಟಿದ ಕಾಯಿಲೆ. ಅದಕ್ಕೆ ಮದ್ದು ಕಂಡವರಲ್ಲಿ ಆಸ್ಟ್ರೇಲಿಯದ ಸಿಎಸ್‌ಐಆರ್‌ಒ ಸಂಸ್ಥೆಯ ಜಾನ್ ಓಸಲಿವನ್ ಮತ್ತು ಸಂಗಡಿಗರು ಪ್ರಮುಖರು. ಸಿಡಿಯುವ ಕಪ್ಪುಕುಳಿಗಳ ರೇಡಿಯೊ ಸದ್ದಿಗಾಗಿ ಓಸಲಿವನ್ ಹಿಂದೆ ಆಕಾಶ ಜಾಲಾಡಿದ್ದರು. ಆ ಸದ್ದು ಸಿಗಲಿಲ್ಲ. ಮಸುಕಾದ ಸಂಕೇತವನ್ನು ಗಣಿತದಿಂದ ತಿಳಿಗೊಳಿಸುವ ಆ ಅನುಭವ ಮಾತ್ರ ಕೋಣೆಯೊಳಗಿನ ಮಾರ್ದನಿಯನ್ನು ಸೋಸಲು ಒದಗಿ ಬಂತು. ಅಮೆರಿಕದಲ್ಲಿ ಅದಕ್ಕೆ 1996ರಲ್ಲಿ ಪೇಟೆಂಟ್ ಸಿಕ್ಕಿತು. ಆಕಾಶದಲ್ಲಿ ಹುಡುಕಿದ್ದು ಅಡುಗೆಮನೆಗೆ ದಕ್ಕಿತು ಅನ್ನಿ.

ಕಾಸಿಲ್ಲದ ಚಿಕಿತ್ಸೆ

ಈಗ ಡಬ್ಬಿಯ ಹತ್ತಿರ ಹೋಗಿ. ಅಲ್ಲಿಂದ ನಿಮಗೆ ಬೇಕಾದ ಜಾಗಕ್ಕೆ ಮನಸ್ಸಿನಲ್ಲೇ ಒಂದು ದಾರ ಎಳೆಯಿರಿ. ಆ ದಾರ ಎಷ್ಟು ಗೋಡೆ, ಎಷ್ಟು ಕಬ್ಬಿಣ ದಾಟುತ್ತದೆ ಎಣಿಸಿ. ನೇರಕ್ಕೆ ದಾಟಿದರೆ ಒಂಬತ್ತು ಇಂಚಿನ ಗೋಡೆ ಒಂಬತ್ತೇ ಇಂಚು. ಓರೆಯಾಗಿ ದಾಟಿದರೆ ಅದೇ ಗೋಡೆ ಒಂದೂವರೆ ಅಡಿ ದಪ್ಪದ್ದಾಗುತ್ತದೆ. ಡಬ್ಬಿಯನ್ನು ಎರಡು ಮೂರು ಅಡಿ ಅತ್ತಿತ್ತ ಸರಿಸಿ, ಆ ದಾರ ಬಾಗಿಲುಗಳ ಮೂಲಕವೇ ಹಾಯುವಂತೆ ಮಾಡಿದರೆ ಅರ್ಧ ಕೆಲಸ ಮುಗಿಯಿತು. ನಮ್ಮ ಹಳೆಯ ಮನೆಗಳಲ್ಲಿ ಹೆಬ್ಬಾಗಿಲು, ನಡುಬಾಗಿಲು, ಹಿತ್ತಿಲ ಬಾಗಿಲು ಒಂದೇ ಸಾಲಿನಲ್ಲಿರುವುದುಂಟು. ಹಿರಿಯರು ಗಾಳಿಗೆಂದು ಬಿಟ್ಟ ದಾರಿ ವೈಫೈಗೂ ಆದೀತು.

ಡಬ್ಬಿಯನ್ನು ನೆಲದ ಮೇಲಿಡಬೇಡಿ, ಟಿವಿಯ ಹಿಂದೆ ಅಡಗಿಸಬೇಡಿ, ಚೆಂದ ಕಾಣಲೆಂದು ಷೋಕೇಸಿನೊಳಗೆ ಮುಚ್ಚಬೇಡಿ. ಆಳೆತ್ತರದ ಗೂಡು ಒಳ್ಳೆಯದು. ಸ್ಥಳ ಬದಲಿಸುವಾಗ ಡಬ್ಬಿಗೆ ಬರುವ ಸಣ್ಣ ಫೈಬರ್ ಎಳೆಯ ಬಗ್ಗೆ ಎಚ್ಚರವಿರಲಿ. ಅದರೊಳಗಿರುವುದು ಕೂದಲೆಳೆಯಂಥ ಗಾಜು. ಚೂಪಾಗಿ ಮಡಿಸಿದರೆ ಬೆಳಕು ಸೋರಿಹೋಗುತ್ತದೆ, ಮುರಿದರೆ ಮತ್ತೆ ಕಂಪನಿಯವರೇ ಬರಬೇಕು. ಎಳೆ ಸಾಲದಿದ್ದರೆ ಉದ್ದದ್ದನ್ನು ಅವರಿಂದಲೇ ಹಾಕಿಸಿಕೊಳ್ಳಿ.

ಇನ್ನು ಕಡ್ಡಿಗಳು. ಕಡ್ಡಿ ಆಂಟೆನಾದ ತುದಿ ತೋರಿದ ಕಡೆಗೆ ಸಂಕೇತ ಚಿಮ್ಮುತ್ತದೆಂಬ ನಂಬಿಕೆ ಬಹಳ ಜನರಲ್ಲಿದೆ. ನಿಜ ತಿರುಗಾಮುರುಗಾ. ಉದ್ದಿನ ವಡೆಯ ತೂತಿಗೆ ಕಡ್ಡಿ ಸಿಕ್ಕಿಸಿದ್ದೀರೆಂದು ಭಾವಿಸಿ. ತರಂಗ ಹರಡುವುದು ಆ ವಡೆಯ ಆಕಾರದಲ್ಲಿ, ಕಡ್ಡಿಯ ಸುತ್ತಲೂ. ತುದಿಯ ನೇರಕ್ಕೆ ಅತಿ ಕಡಿಮೆ. ಆದ್ದರಿಂದ ಒಂದಂತಸ್ತಿನ ಮನೆಗೆ ಕಡ್ಡಿಗಳು ನೆಟ್ಟಗಿರಲಿ. ಮಹಡಿಗೂ ಬೇಕಿದ್ದರೆ ಒಂದನ್ನು ಅಡ್ಡ ಮಲಗಿಸಿ.

ಪೇಟೆಯ ವಠಾರಗಳಲ್ಲಿ ಇನ್ನೊಂದು ತೊಡಕು. ಅಕ್ಕಪಕ್ಕದ ಹತ್ತಾರು ಡಬ್ಬಿಗಳೂ ಒಟ್ಟಿಗೆ ಮಾತಾಡುತ್ತಿರುತ್ತವೆ. 2.4ರ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಓಣಿಗಳು ಮೂರೇ: 1, 6, 11. ಯಾವ ಓಣಿಯಲ್ಲಿ ಜನಸಂದಣಿ ಕಡಿಮೆಯೆಂದು ತೋರಿಸುವ ಉಚಿತ ಆ್ಯಪ್ ಆಂಡ್ರಾಯ್ಡ್ ಫೋನಿನಲ್ಲಿ ಸಿಗುತ್ತದೆ. ಡಬ್ಬಿಯ ಸೆಟ್ಟಿಂಗಿಗೆ ಹೋಗಿ ಆ ಅಂಕಿ ಹಾಕಿ, ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ. ಡಬ್ಬಿಯ ಹತ್ತಿರವೇ ಇರುವ ಟಿವಿ, ಲ್ಯಾಪ್‌ಟಾಪ್‌ಗಳನ್ನು 5ಕ್ಕೆ ವರ್ಗಾಯಿಸಿದರೆ ದೂರದವರಿಗೆ 2.4ರ ದಾರಿ ತೆರವಾಗುತ್ತದೆ. ಟಿವಿಗೆ ತಂತಿಯನ್ನೇ ಎಳೆದುಬಿಟ್ಟರೆ ಇನ್ನೂ ಉತ್ತಮ.

ಹಿತ್ತಿಲಿಗೆ ತಂತಿ

ಇಷ್ಟಾದರೂ ಬಾವಿಕಟ್ಟೆಗೆ ತಲುಪದಿದ್ದರೆ ಗಂಟು ಬಿಚ್ಚಬೇಕು, ಆದರೆ ಸಣ್ಣದಾಗಿ. ಅಂಗಡಿಯವರು ಮೊದಲು ಮುಂದಿಡುವುದು ರಿಪೀಟರ್ ಎಂಬ ಪುಟ್ಟ ಪ್ಲಗ್ಗು. ಇದು ಕೇಳಿದ್ದನ್ನೇ ಮತ್ತೊಮ್ಮೆ ಕೂಗಿ ಹೇಳುವ ಆಳು. ಒಂದೇ ಪಟ್ಟಿಯಲ್ಲಿ ಕೇಳಬೇಕು, ಹೇಳಬೇಕು. ಹಾಗಾಗಿ ವೇಗ ಸುಮಾರು ಅರ್ಧಕ್ಕೆ ಬೀಳುತ್ತದೆ. ಜನ ಮಾಡುವ ಎಡವಟ್ಟೆಂದರೆ ಸಂಕೇತವೇ ಇಲ್ಲದ ಜಾಗದಲ್ಲಿ ಅದನ್ನು ಚುಚ್ಚುವುದು. ತನಗೇ ಕೇಳಿಸದ್ದನ್ನು ಆಳು ಏನೆಂದು ಕೂಗಿಯಾನು? ಅದನ್ನು ಅರ್ಧದಾರಿಯಲ್ಲಿ, ಸಂಕೇತ ಇನ್ನೂ ಚೆನ್ನಾಗಿರುವ ಕಡೆ ಇಡಬೇಕು. ಬಾಡಿಗೆ ಮನೆಯವರಿಗೆ, ಗೋಡೆ ಕೊರೆಯಲಾಗದವರಿಗೆ ಇದು ಸಾಕು.

ಸ್ವಂತ ಮನೆಯವರಿಗೆ ನನ್ನ ಸಲಹೆ ತಂತಿ. ಮುಖ್ಯ ಡಬ್ಬಿಯಿಂದ ಹಿಂಬಾಗಿಲವರೆಗೆ ಒಂದು ಎತರ್ನೆಟ್ ತಂತಿ ಎಳೆದು, ಅಲ್ಲೊಂದು ಎರಡನೇ ಡಬ್ಬಿ ಇಡುವುದು. ಕ್ಯಾಟ್ 5ಇ ಎಂಬ ಸಾಧಾರಣ ತಂತಿ 100 ಮೀಟರ್‌ವರೆಗೆ ಸೆಕೆಂಡಿಗೆ 1,000 ಮೆಗಾಬಿಟ್ ಒಯ್ಯಬಲ್ಲದು. ತಾಮ್ರದ್ದೇ ಕೇಳಿ ತನ್ನಿ. ಅಲ್ಯೂಮಿನಿಯಂಗೆ ತಾಮ್ರದ ಲೇಪ ಹಾಕಿದ್ದು ಅಗ್ಗ, ಬೇಗ ಮುರಿಯುತ್ತದೆ. ಕರೆಂಟಿನ ವೈರಿನ ಪೈಪಿನಲ್ಲೇ ತೂರಿಸಬೇಡಿ, ಬೇರೆ ಪೈಪು ಹಾಕಿ. ಎರಡನೇ ಡಬ್ಬಿಗಾಗಿ ಹೊಸದನ್ನು ಕೊಳ್ಳುವ ಮುನ್ನ ಅಟ್ಟ ಹುಡುಕಿ. ಹಿಂದಿನ ಸಂಪರ್ಕದ ಹಳೆಯ ರೌಟರ್ ಧೂಳು ತಿನ್ನುತ್ತ ಕೂತಿರಬಹುದು. ಇಲ್ಲದಿದ್ದರೆ ಎರಡೂ ಪಟ್ಟಿಗಳಿರುವ ಸಾಧಾರಣ ರೌಟರ್ ಒಂದೂವರೆ ಸಾವಿರದ ಆಸುಪಾಸಿಗೆ ಸಿಗುತ್ತದೆ.

ಹಳೆಯ ಡಬ್ಬಿಯನ್ನು ಈ ಕೆಲಸಕ್ಕೆ ಪಳಗಿಸುವುದು ಹೀಗೆ. ಅದರಲ್ಲಿ ‘ಆಕ್ಸೆಸ್ ಪಾಯಿಂಟ್’ ಎಂಬ ಆಯ್ಕೆ ಇದ್ದರೆ ಅದನ್ನು ಒತ್ತಿ, ಕಥೆ ಮುಗಿಯಿತು. ಇಲ್ಲದಿದ್ದರೆ ಮೂರು ಕೆಲಸ. ಮೊದಲು ಅದರ ಸ್ವಂತ ಅಂಕಿ-ವಿಳಾಸ ಬದಲಿಸಿ: ಮುಖ್ಯ ಡಬ್ಬಿಯದು 192.168.1.1 ಆಗಿದ್ದರೆ ಇದರ ಕೊನೆಯ ಅಂಕಿ ಬೇರೆಯಿರಲಿ, ಮುಖ್ಯ ಡಬ್ಬಿ ಉಳಿದವರಿಗೆ ಹಂಚುವ ಪಟ್ಟಿಯಿಂದ ಹೊರಗಿರಲಿ. ಎರಡನೆಯದು, ಡಿಎಚ್‌ಸಿಪಿಯನ್ನು ಆರಿಸಿ. ಅದು ವಿಳಾಸ ಹಂಚುವ ಅಧಿಕಾರ. ಒಂದು ಮನೆಗೆ ಇಬ್ಬರು ಯಜಮಾನರಾದರೆ ಜಗಳ ತಪ್ಪದು. ಮೂರನೆಯದು, ತಂತಿಯನ್ನು ಎರಡೂ ಡಬ್ಬಿಗಳ ಲ್ಯಾನ್ ಕಿಂಡಿಗೇ ಚುಚ್ಚಿ. ಬಣ್ಣ ಬೇರೆಯಿರುವ ವ್ಯಾನ್ ಕಿಂಡಿ ಬೇಡ. ಮುಂದಿನದಕ್ಕೆ ಓಣಿ 1 ಕೊಟ್ಟಿದ್ದರೆ ಹಿಂದಿನದಕ್ಕೆ 6 ಅಥವಾ 11 ಕೊಡಿ. ಕೆಲ ದಿನ ಅದಕ್ಕೆ ‘ಹಿತ್ತಿಲು’ ಎಂದೇ ಬೇರೆ ಹೆಸರಿಟ್ಟು ಪರೀಕ್ಷಿಸಿ, ಸರಿಬಂದ ಮೇಲೆ ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಡಬಹುದು. ಪಾಸ್‌ವರ್ಡ್ ಮಾತ್ರ ಗಟ್ಟಿಯಾಗಿರಲಿ. ಹಿತ್ತಿಲಿಗೆ ಕೇಳುವುದು ಹಿಂದಿನ ಬೀದಿಗೂ ಕೇಳುತ್ತದೆ.

ಈ ಡಬ್ಬಿಯನ್ನು ಮನೆಯೊಳಗೇ, ಹಿತ್ತಿಲ ಕಡೆಯ ಕಿಟಕಿಯ ಪಕ್ಕ ಇಡಿ. ಮಳೆ ಬಿಸಿಲು ತಾಗದು, ಸಂಕೇತ ಹೊರಗೆ ಹರಿಯುತ್ತದೆ. ಬಯಲಾದ್ದರಿಂದ ಅಲ್ಲಿ 5ರ ಕುದುರೆಯೂ ಓಡುತ್ತದೆ. ಹೆಚ್ಚು ಶಕ್ತಿಯ ಡಬ್ಬಿ ತಂದರೆ ಆಗದೇ ಎಂದು ಕೇಳಬಹುದು. ವೈಫೈ ಎಂಬುದು ಸಂಭಾಷಣೆ. ಡಬ್ಬಿ ಎಷ್ಟೇ ಜೋರಾಗಿ ಕೂಗಲಿ, ಫೋನಿನ ಕ್ಷೀಣ ದನಿ ಅದಕ್ಕೆ ಮರಳಿ ಕೇಳಿಸಬೇಕಲ್ಲ? ಕಮಾನು ಮೂರಿದ್ದೂ ಮಾತು ತುಂಡಾಗುವುದಕ್ಕೆ ಇದೂ ಒಂದು ಕಾರಣ. ಡಬ್ಬಿಯೇ ಹತ್ತಿರ ಬಂದರೆ ಇಬ್ಬರ ದನಿಯೂ ಇಬ್ಬರಿಗೂ ಮುಟ್ಟುತ್ತದೆ.

ಅಂದಹಾಗೆ, ಫೋನಿನ ಹಿಂದೆ ಅಂಟಿಸುವ ‘ಸಿಗ್ನಲ್ ಸ್ಟಿಕ್ಕರ್’ಗಳಿಗೆ ದುಡ್ಡು ಸುರಿಯಬೇಡಿ, ಅವು ಬರೀ ಅಂಟು. ಆಂಟೆನಾದ ಹಿಂದೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ನಿಲ್ಲಿಸುವುದರಲ್ಲಿ ಸ್ವಲ್ಪ ಹುರುಳಿದೆ. ಒಂದು ಕಡೆ ಹೋಗುವುದನ್ನು ಕಿತ್ತು ಇನ್ನೊಂದು ಕಡೆಗೆ ಕೊಡುತ್ತದೆ. ಬೀದಿಗೆ ಹೋಗಿ ಪೋಲಾಗುವುದನ್ನು ಒಳಕ್ಕೆ ತಿರುಗಿಸಲು ಆದೀತು, ಹೊಸದಾಗಿ ಏನನ್ನೂ ಹುಟ್ಟಿಸದು.

ಸಿಡಿಲಿನ ಮಾತು

ಕೊಟ್ಟಿಗೆಯೋ ತೋಟದ ಮನೆಯೋ ಮನೆಯಿಂದ ದೂರವಿದ್ದರೆ ಒಂದು ಎಚ್ಚರಿಕೆ ಹೇಳಲೇಬೇಕು. ಬಯಲಿನಲ್ಲಿ ಮರದಿಂದ ಮರಕ್ಕೆ ಎಳೆದ ತಾಮ್ರದ ತಂತಿ ಸಿಡಿಲಿಗೆ ಆಹ್ವಾನಪತ್ರಿಕೆ. ನೇರ ಬಡಿಯಬೇಕೆಂದೇ ಇಲ್ಲ, ಹತ್ತಿರದಲ್ಲೆಲ್ಲೋ ಬಡಿದರೂ ಆ ತಂತಿಯಲ್ಲಿ ಹುಟ್ಟುವ ವಿದ್ಯುತ್ತಿನ ಏಟು ಎರಡೂ ತುದಿಯ ಡಬ್ಬಿಗಳನ್ನು ಸುಟ್ಟೀತು, ತಂತಿ ಮುಟ್ಟಿದವರ ಜೀವಕ್ಕೂ ಕುತ್ತು. ಏಪ್ರಿಲ್-ಮೇ ತಿಂಗಳ ಮುಂಗಾರುಪೂರ್ವ ಮಳೆಯ ಗುಡುಗು ಕಂಡ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಕಟ್ಟಡಗಳ ನಡುವೆ ಗಾಜಿನ ಫೈಬರನ್ನೇ ಹಾಕಿ. ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲ. ಆಸರೆಗೆ ಉಕ್ಕಿನ ತಂತಿ ಇಲ್ಲದ ಬಗೆಯ ಫೈಬರ್ ಕೇಳಿ. ಎರಡು ತುದಿಗೆ ‘ಮೀಡಿಯಾ ಕನ್ವರ್ಟರ್’ ಎಂಬ ಜೋಡಿ ಬೇಕು. ಖರ್ಚು ಸ್ವಲ್ಪ ಹೆಚ್ಚು, ನೆಮ್ಮದಿ ಬಹಳ ಹೆಚ್ಚು. ಮೋಡ ಕಪ್ಪಾದಾಗಲೇ, ಗುಡುಗು ಶುರುವಾಗುವ ಮೊದಲೇ, ಕರೆಂಟಿನ ಪ್ಲಗ್ಗಷ್ಟೇ ಕಿತ್ತರೆ ಸಾಲದು. ಹೊರಗಿನಿಂದ ಬರುವ ತಾಮ್ರದ ತಂತಿ ಯಾವುದಿದ್ದರೂ ಅದನ್ನೂ ಕೀಳಿ. ಗುಡುಗು ಆರಂಭವಾದ ಮೇಲೆ ಅದನ್ನು ಮುಟ್ಟಲು ಹೋಗಬೇಡಿ.

ಕರೆಂಟು ಹೋದಾಗ ಡಬ್ಬಿಯೂ ಮಲಗುತ್ತದೆ ಎನ್ನುವವರಿಗೆ ರೌಟರಿಗೆಂದೇ ಮಾಡಿದ ಪುಟ್ಟ ಬ್ಯಾಟರಿ ಪೆಟ್ಟಿಗೆಗಳು ಬಂದಿವೆ. ಕೊಳ್ಳುವ ಮುನ್ನ ಡಬ್ಬಿಯ ಅಡಾಪ್ಟರಿನ ಮೇಲೆ 12 ವೋಲ್ಟ್ ಎಂದಿದೆಯೋ 9 ಎಂದಿದೆಯೋ ಓದಿಕೊಳ್ಳಿ. ಎರಡು ಡಬ್ಬಿಯಿದ್ದರೆ ಎರಡಕ್ಕೂ ಬೇಕೆಂಬುದು ನೆನಪಿರಲಿ.

ಕೊನೆಗೆ ಲೆಕ್ಕ. ಮೂವತ್ತು ಮೀಟರ್ ತಂತಿ, ಪೈಪು, ಎರಡು ತುದಿಯ ಕೊಕ್ಕೆಗಳಿಗೆ ಸುಮಾರು ಒಂದು ಸಾವಿರ ರೂಪಾಯಿ. ಅಟ್ಟದಲ್ಲಿ ಹಳೆಯ ಡಬ್ಬಿ ಸಿಕ್ಕರೆ ಅಷ್ಟೇ, ಹೊಸದು ಕೊಂಡರೆ ಎರಡೂವರೆ ಸಾವಿರ. ಇದು ಒಂದೇ ಸಲದ ಖರ್ಚು. ದೊಡ್ಡ ಪ್ಲಾನಿನ ಹೆಚ್ಚುವರಿ ಹಣ ಪ್ರತಿ ತಿಂಗಳೂ ಬಾಗಿಲು ತಟ್ಟುವ ಸಾಲಗಾರ. ಹಾಗಾಗಿ ಫೋನೆತ್ತಿ ಪ್ಲಾನ್ ಬದಲಿಸುವ ಮೊದಲು ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಅಳೆಯಿರಿ, ಡಬ್ಬಿಯನ್ನು ಗೂಡಿಗೇರಿಸಿ, ಬೀರುವಿನ ಮರೆ ತಪ್ಪಿಸಿ, ಮತ್ತೆ ಅಳೆಯಿರಿ. ಆಗಲೂ ಬಾವಿಕಟ್ಟೆಯಲ್ಲಿ ಅಜ್ಜಿಗೆ ಮೊಮ್ಮಗುವಿನ ಮುಖ ಕಾಣದಿದ್ದರೆ ಮಾತ್ರ ತಂತಿ ತರಲು ಪೇಟೆಗೆ ಹೊರಡಿ.